ಆಂಟಿಯ ಕ್ಯಾಸೆಟ್ಟುಗಳನ್ನು ನಾನು ಚೊಕ್ಕಟ ಮಾಡಿದ್ದು

ನಾನು ತಪ್ಪು ಮಾಡುವುದು ಕಡಿಮೆ. ಆದರೆ ಮಾಡಿದಾಗ ಕೈ ಬಿಗಿಹಿಡಿದು ಮಾಡುವವಳಲ್ಲ, ನಾಲ್ಕು ಮನೆಗೆ ಸಾಲುವಷ್ಟು ಧಾರಾಳವಾಗಿ ಮಾಡುತ್ತೇನೆ. ಹೋದ ವರ್ಷ ಬಕ್ರೀದಿಗೆ ಎರಡು ವಾರ ಮುಂಚೆ ನಾನು ಮಾಡಿದ ಕೆಲಸವನ್ನು ನನ್ನ ಗಂಡ ಮನೆಗೆ ಬಂದವರಿಗೆಲ್ಲ ಇಂದಿಗೂ ಹೇಳುತ್ತಾನೆ. ಹೇಳುವಾಗ ಅರ್ಧಕ್ಕರ್ಧ ಸುಳ್ಳು ಸೇರಿಸುತ್ತಾನೆ. ಅದಕ್ಕೇ ನಾನೇ ಬರೆದುಬಿಡುವುದು ಒಳ್ಳೆಯದು ಅನ್ನಿಸಿತು.

ಐರ್ಲೆಂಡಿನ ಗಾಲ್ವೇಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯಾಚೆ ಇರುವವರು ಗಿನಿ ದೇಶದ ಗಂಡ ಹೆಂಡತಿ. ಗಿನಿ ಇರುವುದು ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ. ನನಗೂ ಮೊದಲು ಗೊತ್ತಿರಲಿಲ್ಲ, ಮ್ಯಾಪು ನೋಡಿ ತಿಳಿದುಕೊಂಡೆ. ಇಬ್ಬರಿಗೂ ಅರವತ್ತು ದಾಟಿದೆ. ಇಬ್ಬರಿಗೂ ಚಿಕ್ಕಂದಿನಿಂದ ಕಣ್ಣು ಕಾಣುವುದಿಲ್ಲ. ಇಬ್ಬರೂ ಸಂಗೀತಗಾರರು. ಗಂಡ ನುಡಿಸುವುದು ಬಾಲಾಫೋನ್: ಸಾಲಾಗಿ ಜೋಡಿಸಿದ ಮರದ ಪಟ್ಟಿಗಳು, ಪಟ್ಟಿಗಳ ಕೆಳಗೆ ಒಣಗಿದ ಸೋರೆ ಬುರುಡೆಗಳು, ಮೇಲೆ ಎರಡು ಕೋಲಿನ ಪೆಟ್ಟು. ಹೆಂಡತಿ ಹಾಡುತ್ತಾರೆ. ದಾವಣಗೆರೆಯಲ್ಲಿ ಹುಟ್ಟಿದ ನಾನು ಅವರನ್ನು ಅಂಕಲ್, ಆಂಟಿ ಅನ್ನದೆ ಇನ್ನೇನು ಅನ್ನಲಿ? ಅವರು ನನ್ನನ್ನು ಮಗಳೇ ಅನ್ನುತ್ತಾರೆ. ಅವರ ಇಂಗ್ಲಿಷಿನಲ್ಲಿ ಫ್ರೆಂಚು ಸೇರಿದೆ, ನನ್ನ ಇಂಗ್ಲಿಷಿನಲ್ಲಿ ದಾವಣಗೆರೆ ಸೇರಿದೆ, ಹಾಗಾಗಿ ನಮಗೆ ಪರಸ್ಪರ ಚೆನ್ನಾಗಿ ಅರ್ಥವಾಗುತ್ತದೆ. ಅವರ ಮಾತನ್ನು ಇಲ್ಲಿ ನನ್ನ ಮಾತಿನಲ್ಲೇ ಬರೆದಿದ್ದೇನೆ.

ನಾವು ಈ ಮನೆಗೆ ಬಂದ ಹೊಸತರಲ್ಲಿ ಗೋಡೆಯಾಚೆಯ ಗದ್ದಲ ಕೇಳಿ ನನಗೆ ಜೀವ ಬಾಯಿಗೆ ಬರುತ್ತಿತ್ತು. ಬೆಳಿಗ್ಗೆ ಏಳಕ್ಕೆ ಆಂಟಿಯ ದನಿ ಏರುತ್ತಿತ್ತು, ಏಳೂಕಾಲಿಗೆ ಅಂಕಲ್ ದನಿ, ಆಮೇಲೆ ಎರಡೂ ಸೇರಿ. ಒಂದು ದಿನ ತಡೆಯಲಾರದೆ ಒಂದು ಡಬ್ಬಿ ಬಿರಿಯಾನಿ ಹಿಡಿದುಕೊಂಡು ಹೋಗಿ ಬಾಗಿಲು ತಟ್ಟಿದೆ. ಬಾಗಿಲು ತೆರೆದ ಆಂಟಿ ನಗುತ್ತಿದ್ದರು.

"ಏನಾದ್ರೂ ತೊಂದ್ರೆ ಐತಾ ಆಂಟಿ? ಜಗಳ ಕೇಳಿಸ್ತು."

"ಜಗಳಾನಾ? ಇವರ ವಂಶದವರೆಲ್ಲ ಹೊಲದಲ್ಲಿ ಕಾಳು ಕದ್ದು ತಿನ್ನೋರು ಅಂದೆ. ನಮ್ಮ ವಂಶದವರು ಕತ್ತೆಗೆ ಹೆಣ್ಣು ಕೇಳೋಕೆ ಹೋಗಿದ್ರು ಅಂದ್ರು ಇವರು. ದಿನಾ ಇಷ್ಟೇ ಮಗಳೇ."

ಅವರ ದೇಶದಲ್ಲಿ ಕೆಲವು ಮನೆತನಗಳಿಗೆ ಒಂದಕ್ಕೊಂದು ಬೈದಾಡುವ ಸಂಬಂಧವಂತೆ. ತಾತ ಮುತ್ತಾತಂದಿರ ಕಾಲದಿಂದ ಬಂದದ್ದು. ಎದುರಿಗೆ ಸಿಕ್ಕಾಗ ಬೈಯಬೇಕು, ಬೈಸಿಕೊಂಡವರು ಸಿಟ್ಟಾಗಬಾರದು. ಬೈಯದೆ ಸುಮ್ಮನೆ ಹೋದರೆ ಅದೇ ಅವಮಾನ. ನಮ್ಮಲ್ಲಿ ಬೀಗರು ಮದುವೆ ಊಟದಲ್ಲಿ ಒಬ್ಬರನ್ನೊಬ್ಬರು ಕಿಚಾಯಿಸುತ್ತಾರಲ್ಲ, ಹಾಗೆ. ಆದರೆ ನಮ್ಮದು ಎಲೆ ಎತ್ತುವ ಹೊತ್ತಿಗೆ ಮುಗಿಯುತ್ತದೆ, ಇವರದು ನಲವತ್ತು ವರ್ಷದಿಂದ ನಡೆದಿದೆ. ಅಂದಿನಿಂದ ಅದು ನನಗೆ ಅಲಾರಂ ಆಯಿತು. ಆಂಟಿ ಬೈಯಲು ಶುರು ಮಾಡಿದರೆ ಏಳು ಗಂಟೆ ಎಂದು ಲೆಕ್ಕ.

ಅವರಿಬ್ಬರ ನಡುವೆ ನಿಜವಾದ ಜಗಳ ಅಂತ ಇದ್ದದ್ದು ಒಂದೇ ಒಂದು, ಅದು ಒಂದು ಹಾಡಿನ ಮೂರನೆಯ ಚರಣದ ಮೇಲೆ. ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ ಇಬ್ಬರೂ ಓದುತ್ತಿದ್ದಾಗ ಸೇರಿ ಕಟ್ಟಿದ ಮೊದಲ ಹಾಡದು. ನದಿಯ ಈ ದಡದಲ್ಲಿ ಹುಡುಗಿ, ಆ ದಡದಲ್ಲಿ ಹುಡುಗ. ಮೊದಲ ಚರಣದಲ್ಲಿ ಹುಡುಗ ಕೂಗುತ್ತಾನೆ, ಎರಡನೆಯದರಲ್ಲಿ ಹುಡುಗಿ ಕೂಗುತ್ತಾಳೆ. ಮೂರನೆಯದರಲ್ಲಿ ಹುಡುಗ ದೋಣಿ ಹತ್ತಿ ಅವಳ ಬಳಿಗೆ ಬರುತ್ತಾನೆ ಎಂದು ಅಂಕಲ್. ದೋಣಿಯೂ ಇಲ್ಲ ಗೀಣಿಯೂ ಇಲ್ಲ, ಹುಡುಗಿಯೇ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಹೋದಳು ಎಂದು ಆಂಟಿ. ಸೀರೆ ಅನ್ನುವುದು ನನ್ನ ಅನುವಾದ, ಅವರಲ್ಲಿ ಸುತ್ತಿಕೊಳ್ಳುವ ಬಟ್ಟೆ ಬೇರೆ. ಈ ಜಗಳ ಬಗೆಹರಿಯದೆ ಅಷ್ಟೂ ವರ್ಷ ಎರಡು ಚರಣಕ್ಕೇ ಹಾಡು ನಿಲ್ಲಿಸಿಬಿಡುತ್ತಿದ್ದರು.

ಹೋದ ವರ್ಷ ಊರಿನ ಆರ್ಟ್ಸ್ ಸೆಂಟರಿನವರು ಅವರದೇ ಒಂದು ಕಾರ್ಯಕ್ರಮ ಇಟ್ಟರು. ಮೂರು ವರ್ಷದಿಂದ ಅವರನ್ನು ಯಾರೂ ಸ್ಟೇಜಿಗೆ ಕರೆದಿರಲಿಲ್ಲ. ಅಂಕಲ್ ಖುಷಿಯಲ್ಲಿ ಒಪ್ಪಿಕೊಂಡರಲ್ಲದೆ, ಮದುವೆಯಾಗಿ ನಲವತ್ತು ವರ್ಷ, ಆ ಮೊದಲ ಹಾಡನ್ನು ಪೂರ್ತಿ ಹಾಡುತ್ತೇವೆ ಎಂದೂ ಹೇಳಿಬಿಟ್ಟರು. ಸೆಂಟರಿನವರು ಅದನ್ನು ಪೋಸ್ಟರಿನಲ್ಲೂ ಹಾಕಿದರು. ಆಮೇಲೆ ಅಂಕಲ್ ಮನೆಗೆ ಬಂದು ಆಂಟಿಗೆ ತಿಳಿಸಿದರು.

"ಯಾರ ಚರಣ?" ಎಂದರು ಆಂಟಿ.

"ಸರಿಯಾದ ಚರಣ," ಎಂದರು ಅಂಕಲ್.

ಕೊನೆಗೆ ಒಪ್ಪಂದವಾಯಿತು. ಶಾಲೆಯಲ್ಲಿ ಮೇಷ್ಟ್ರು ಆ ಹಾಡನ್ನು ಒಂದು ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿದ್ದರು. ಆ ಕ್ಯಾಸೆಟ್ಟು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿದೆ. ಅದರಲ್ಲಿ ಯಾರ ಚರಣವಿದೆಯೋ ಅದನ್ನೇ ಹಾಡಬೇಕು. ಅದನ್ನು ಕೇಳದೆ ತಾನು ಸ್ಟೇಜು ಹತ್ತುವುದಿಲ್ಲ ಎಂದು ಆಂಟಿ ಖಡಾಖಂಡಿತವಾಗಿ ಹೇಳಿದರು. ಅಷ್ಟರಲ್ಲಿ ಮೇನೂತ್ ಯೂನಿವರ್ಸಿಟಿಯ ವಿದ್ಯಾರ್ಥಿಗಳಿಗೆ ಹಾಡಿ ತೋರಿಸಲು ಎರಡು ದಿನದ ಮಟ್ಟಿಗೆ ಹೋಗಬೇಕಾಗಿ ಬಂತು. ಬಂದ ಮೇಲೆ ಕೇಳೋಣ, ಕಾರ್ಯಕ್ರಮಕ್ಕೆ ಇನ್ನೂ ವಾರವಿದೆ ಎಂದುಕೊಂಡು ಹೊರಟರು. ಹೋಗುವಾಗ ಕಿಟಕಿಯ ಗಿಡಕ್ಕೆ ನೀರು ಹಾಕು ಎಂದು ಮನೆ ಕೀಲಿ ನನ್ನ ಕೈಗೆ ಕೊಟ್ಟರು. ಗಿಡಕ್ಕೆ ನೀರು ಅಂದರು, ಅಷ್ಟೇ ಅಂದರು.

ನನ್ನ ಸ್ವಭಾವವನ್ನೂ ಸ್ವಲ್ಪ ಹೇಳಬೇಕು. ಹಬ್ಬ ಎರಡು ವಾರವಿದೆ ಅಂದರೆ ನನ್ನ ಕೈ ಸುಮ್ಮನಿರುವುದಿಲ್ಲ, ಅದು ನಮ್ಮ ಅಮ್ಮಿಯಿಂದ ಬಂದದ್ದು. ಅದರ ಮೇಲೆ ಪಾರ್ಕ್‌ಮೋರಿನ ಕೆಲಸ. ಅದು ಊರಂಚಿನ ಫ್ಯಾಕ್ಟರಿ ಏರಿಯಾ, ಅಲ್ಲಿ ಹೃದಯದ ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆಗಳನ್ನು ತಯಾರಿಸುತ್ತೇವೆ, ನಾನು ಕ್ವಾಲಿಟಿ ವಿಭಾಗದಲ್ಲಿದ್ದೇನೆ. ನಮ್ಮ ಫ್ಲೋರಿನಲ್ಲಿ ಒಂದು ಕತ್ತರಿಗೂ ಗೊತ್ತಾದ ಜಾಗ, ಆ ಜಾಗಕ್ಕೊಂದು ಲೇಬಲ್. ಬೇಕೋ ಬೇಡವೋ ಅನುಮಾನವಿರುವ ಸಾಮಾನಿಗೆ ಕೆಂಪು ಚೀಟಿ ಹಚ್ಚಿ ಬೇರೆ ಇಡಬೇಕು. ಅಮ್ಮಿಯ ಕೈ, ಪಾರ್ಕ್‌ಮೋರಿನ ತಲೆ, ಎರಡೂ ಒಂದೇ ಮೈಯಲ್ಲಿ ಸೇರಿದರೆ ಆ ಮೈಗೆ ಯಾರೂ ಕೀಲಿ ಕೊಡಬಾರದು.

ಶನಿವಾರ ಬೆಳಿಗ್ಗೆ ಗಿಡಕ್ಕೆ ನೀರು ಹಾಕಿದೆ. ಅಡುಗೆಮನೆಯತ್ತ ಕಣ್ಣು ಹೋಯಿತು. ಅಯ್ಯೋ ಪಾಪ, ಕಣ್ಣಿಲ್ಲದವರು, ಎಷ್ಟು ಕಷ್ಟಪಡುತ್ತಾರೋ ಅನ್ನಿಸಿತು. ಡಬ್ಬಿಗಳು ಎಲ್ಲೆಂದರಲ್ಲಿ. ಸಕ್ಕರೆ ಒಲೆಯ ಎಡಕ್ಕೆ, ಉಪ್ಪು ಕಿಟಕಿಯಲ್ಲಿ, ಖಾರದ ಪುಡಿ ಬಾಗಿಲ ಹಿಂದೆ! ಡಬ್ಬಿಗಳ ಮೇಲೆಲ್ಲ ಹಳೆಯ ರಬ್ಬರ್ ಬ್ಯಾಂಡುಗಳು, ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು. ಹಾಲಿನ ಪ್ಯಾಕೆಟ್ಟಿನ ರಬ್ಬರ್ ಬ್ಯಾಂಡನ್ನೂ ಬಾಗಿಲ ಚಿಲಕಕ್ಕೆ ಸಿಕ್ಕಿಸಿಡುವ ಮನೆಯಿಂದ ಬಂದವಳು ನಾನು. ಒಂದನ್ನೂ ಬಿಸಾಡಲಿಲ್ಲ. ಎಲ್ಲವನ್ನೂ ಬಿಡಿಸಿ, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಒಟ್ಟಿಗೆ ಒಂದು ಗಂಟು ಮಾಡಿ ಇಟ್ಟೆ. ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದೆ. ಮನೆಯಿಂದ ಲೇಬಲ್ ಮಿಶನ್ನು ತಂದು ಸಕ್ಕರೆ, ಉಪ್ಪು, ಖಾರ ಎಂದು ಒಳ್ಳೆಯ ದಪ್ಪ ಅಕ್ಷರದಲ್ಲಿ ಅಂಟಿಸಿದೆ. ದೂರ ನಿಂತು ನೋಡಿದೆ. ಫೋಟೋ ತೆಗೆದೆ.

ಆ ಹುರುಪಿನಲ್ಲೇ ಮಲಗುವ ಕೋಣೆಗೂ ಹೋದೆ. ಮಂಚದ ಕೆಳಗೆ ಎರಡು ಪೆಟ್ಟಿಗೆ ತುಂಬ ಕ್ಯಾಸೆಟ್ಟು, ಎಪ್ಪತ್ತರ ಮೇಲಿದ್ದವು. ಒಂದಕ್ಕೆ ದಾರದ ಗಂಟು, ಒಂದಕ್ಕೆ ಬಟ್ಟೆಯ ಚೂರು, ಒಂದಕ್ಕೆ ಅಂಟಿಸಿದ ಅಂಗಿಯ ಗುಂಡಿ, ಮತ್ತೊಂದಕ್ಕೆ ಅಕ್ಕಿಕಾಳು! ಎಷ್ಟು ವರ್ಷದ ಕೊಳೆಯೋ ಎಂದು ನನ್ನ ಹೊಟ್ಟೆ ಉರಿಯಿತು. ಗುಂಡಿ, ಅಕ್ಕಿಕಾಳು ಎಲ್ಲವನ್ನೂ ದೋಸೆ ಸಟ್ಟುಗದಿಂದ ಎಬ್ಬಿಸಿ ತೆಗೆದೆ. ಒಂದೊಂದನ್ನೂ ಒರೆಸಿ, ಬಿಳಿಯದರ ಜೊತೆ ಬಿಳಿಯದು, ಕಪ್ಪಿನ ಜೊತೆ ಕಪ್ಪು ಎಂದು ಜೋಡಿಸಿಟ್ಟೆ. ಸಂಜೆ ಆರಕ್ಕೆ ಸೊಂಟ ಹಿಡಿದುಕೊಂಡು ಮನೆಗೆ ಬಂದಾಗ ನನಗೆ ಹಜ್ಜಿಗೆ ಹೋಗಿ ಬಂದಷ್ಟು ಸಮಾಧಾನವಾಗಿತ್ತು.

ಗಂಡನಿಗೆ ಫೋಟೋ ತೋರಿಸಿದೆ. ಅವನು ಸಾಫ್ಟ್‌ವೇರಿನವನು, ನಿಧಾನವಾಗಿ ನೋಡುತ್ತಾನೆ.

"ಲೇಬಲ್ ಚೆನ್ನಾಗೈತೆ," ಎಂದ. "ಯಾರು ಓದ್ತಾರೆ?"

ನೀನು ಯಾವಾಗಲೂ ಹೀಗೇ, ಒಳ್ಳೆ ಕೆಲಸದಲ್ಲಿ ಕೊಂಕು ಹುಡುಕೋದು ಎಂದು ರೇಗಿ, ಪಾತ್ರೆ ತೊಳೆಯಲು ಹೋದೆ.

ಭಾನುವಾರ ಮಧ್ಯಾಹ್ನ ಅವರು ಬಂದರು. ನಾನು ಖೀರಿನ ಬಟ್ಟಲು ಹಿಡಿದು ಹಿಂದೆಯೇ ಹೋದೆ. ಅಂಕಲ್ ಅಡುಗೆಮನೆಯಲ್ಲಿ ಕಾಫಿ ಕಲಸುತ್ತಿದ್ದರು. ಕೈ ಎಡಕ್ಕೆ ಹೋಯಿತು, ಡಬ್ಬಿ ಸಿಕ್ಕಿತು, ಎರಡು ಚಮಚ ಹಾಕಿದರು. ಒಂದು ಗುಟುಕು ಕುಡಿದರು. ಅವರ ಮುಖ ಒಂದು ಸಲ ಸಣ್ಣದಾಗಿ ಮತ್ತೆ ಮೊದಲಿನಂತಾಯಿತು.

"ಮಗಳೇ, ಇದು ಹೊಸ ಕಾಫಿ ಪುಡೀನಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು.

ಅಷ್ಟರಲ್ಲಿ ಒಳಗಿನಿಂದ ಆಂಟಿ ಬಂದರು. ಗೋಡೆ, ಶೆಲ್ಫು, ಡಬ್ಬಿ ಎಲ್ಲವನ್ನೂ ಬೆರಳಿನಿಂದ ಮುಟ್ಟುತ್ತಾ ಬಂದರು. ಅವರ ಇನ್ನೊಂದು ಕೈಯಲ್ಲಿ ಒಂದು ಕ್ಯಾಸೆಟ್ಟು ಇತ್ತು, ಮೈ ಪೂರ್ತಿ ನುಣ್ಣಗೆ, ಗುಂಡಿಯಿಲ್ಲ, ಗಂಟಿಲ್ಲ.

"ಮನೆಗೆ ಯಾರು ಬಂದಿದ್ರು?"

"ನಾನೇ ಆಂಟಿ. ಹಬ್ಬ ಅಲ್ವಾ, ಸ್ವಲ್ಪ ಕ್ಲೀನ್ ಮಾಡಿದೆ."

ಆಂಟಿ ಕುರ್ಚಿ ಹುಡುಕಿ ಕುಳಿತರು. "ಕಳ್ಳ ಬಂದಿದ್ರೆ ಎರಡು ಸಾಮಾನು ಹೋಗಿರೋದು," ಎಂದರು. "ನೀನು ಇಡೀ ಮನೇನೇ ಹೊತ್ಕೊಂಡ್ ಹೋಗಿದೀಯಲ್ಲ ಮಗಳೇ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ರಬ್ಬರ್ ಬ್ಯಾಂಡ್ ಅಂದರೆ ಸಕ್ಕರೆ, ಎರಡು ಅಂದರೆ ಉಪ್ಪು, ಅಕ್ಕಿಕಾಳು ಅಂದರೆ ಯಾವುದೋ ಮದುವೆಯ ಹಾಡು. ಅವರ ನಲವತ್ತು ವರ್ಷದ ಪುಸ್ತಕವನ್ನು ನಾನು ಸಟ್ಟುಗದಿಂದ ಕೆರೆದು ಹಾಕಿದ್ದೆ. ನಾನು ಅತ್ತೆ. ಅಳುತ್ತಲೇ ಖೀರಿನ ಬಟ್ಟಲು ಮೇಜಿನ ಮೇಲಿಟ್ಟೆ. ಅಂಕಲ್ ಅದನ್ನು ತೆಗೆದುಕೊಂಡು ತಿಂದರು, ಉಪ್ಪಿನ ಕಾಫಿಯ ಮೇಲೆ ಅದು ಅವರಿಗೆ ಬೇಕಾಗಿತ್ತು.

ಸೋಮವಾರದಿಂದ ಶಿಕ್ಷೆ ಶುರುವಾಯಿತು. ದಿನಾ ಶಿಫ್ಟು ಮುಗಿಸಿ ಬಂದು ನಾನು ಆಂಟಿಯ ಜೊತೆ ಕುಳಿತು ಒಂದೊಂದೇ ಕ್ಯಾಸೆಟ್ಟು ಹಾಕಬೇಕು. ಆಂಟಿ ಕೇಳಿ ಯಾವುದೆಂದು ಹೇಳಬೇಕು. ಅವರು ಹೇಳಿದ ಗುರುತನ್ನು ನಾನು ಮತ್ತೆ ಕಟ್ಟಬೇಕು. ಮಂಗಳವಾರ ಮಾತ್ರ ಒಂದು ಗಂಟೆ ತಪ್ಪಿತು, ಆಂಟಿಯ ಮಂಡಿ ನೋವಿಗೆ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆ. ಅಂಕಲ್ ಪಕ್ಕದಲ್ಲಿದ್ದರೆ ಪ್ರತಿ ಕ್ಯಾಸೆಟ್ಟಿಗೂ ವಾದ ತೆಗೆಯುತ್ತಾರೆಂದು ಅವರನ್ನು ನಮ್ಮ ಮನೆಗೆ ಕಳಿಸಿದೆವು. ನನ್ನ ಗಂಡ ಮನೆಯಿಂದಲೇ ಕೆಲಸ ಮಾಡುವವನು, ನೋಡಿಕೊಳ್ಳುತ್ತೇನೆ ಎಂದ.

ಕ್ಯಾಸೆಟ್ಟಿನಲ್ಲೆಲ್ಲ ಹಾಡೇ ಇರುತ್ತದೆ ಎಂದುಕೊಂಡಿದ್ದೆ. ಒಂದರಲ್ಲಿ ಅರ್ಧ ಗಂಟೆ ಮೀನು ಹುರಿಯುವ ಸದ್ದು. ಯಾರೋ ರೆಕಾರ್ಡರ್ ಆಫ್ ಮಾಡಲು ಮರೆತಿದ್ದರು. ಆಂಟಿ ಅದನ್ನು ಪೂರ್ತಿ ಕೇಳಿ, "ಇದು ಒಳ್ಳೆ ಮೀನು," ಎಂದರು. ಇನ್ನೊಂದರಲ್ಲಿ ಮದುವೆ ಮನೆಯ ಹಾಡಿನ ನಡುವೆ ಒಂದು ಮೇಕೆ ತಾನೂ ಹಾಡುತ್ತದೆ. ಆ ಮೇಕೆ ಮರುದಿನ ಊಟಕ್ಕಾಯಿತಂತೆ. ಬಹಳಷ್ಟು ಕ್ಯಾಸೆಟ್ಟುಗಳು ಕಾಗದಗಳು: ಓದಲು ಬಾರದವರಿಗೆ, ಕಣ್ಣಿಲ್ಲದವರಿಗೆ ಊರಿನಿಂದ ಮಾತಾಡಿ ಕಳಿಸಿದ ಕಾಗದಗಳು. ಬುಧವಾರ ಒಂದನ್ನು ಹಾಕಿದಾಗ ಒಬ್ಬ ಹೆಂಗಸು ಜೋರಾಗಿ ಮಾತಾಡತೊಡಗಿದರು. ಆಂಟಿ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದರು. ಕ್ಯಾಸೆಟ್ಟು ಕೊನೆಯವರೆಗೂ ಓಡಿತು.

"ನಮ್ಮಮ್ಮ," ಎಂದರು. "ತೀರಿಕೊಂಡು ಹನ್ನೊಂದು ವರ್ಷ ಆಯ್ತು. ಇದು ಇಲ್ಲೇ ಇತ್ತು ಅಂತ ನನಗೆ ಮರೆತೇ ಹೋಗಿತ್ತು."

ಅದಕ್ಕೆ ಏನು ಗುರುತು ಕಟ್ಟಲಿ ಎಂದು ಕೇಳಿದೆ. ಗುರುತು ಬೇಡ, ಇದನ್ನು ನನ್ನ ದಿಂಬಿನ ಕೆಳಗೆ ಇಡು ಎಂದರು. ನನಗೆ ಅವತ್ತು ನನ್ನ ಅಮ್ಮಿಗೆ ಫೋನ್ ಮಾಡಬೇಕು ಅನ್ನಿಸಿತು, ಮನೆಗೆ ಹೋದೊಡನೆ ಮಾಡಿದೆ. ಅಮ್ಮಿ ಎತ್ತಿದವಳೇ, ನಾಲ್ಕು ದಿನದಿಂದ ಯಾಕೆ ಮಾಡಿಲ್ಲ ಎಂದು ಬೈದಳು.

ಫೋನಿಟ್ಟು ಅಡುಗೆಗೆಂದು ಶೆಲ್ಫಿಗೆ ಕೈ ಹಾಕಿದರೆ ತೊಗರಿಬೇಳೆಯ ಡಬ್ಬಿ ಇಲ್ಲ. ಅದರ ಜಾಗದಲ್ಲಿ ಜೀರಿಗೆ. ಜೀರಿಗೆಯ ಜಾಗದಲ್ಲಿ ಒಣದ್ರಾಕ್ಷಿ. ಮೂರು ದಿನದಿಂದ ನಮ್ಮ ಅಡುಗೆಮನೆಯಲ್ಲಿ ಕುಳಿತಿದ್ದ ಅಂಕಲ್ ನನ್ನ ಸ್ಟೀಲ್ ಡಬ್ಬಿಗಳನ್ನೆಲ್ಲ ಚಮಚದಿಂದ ಬಡಿದು ನೋಡಿ, ತಗ್ಗಿನ ಸ್ವರದಿಂದ ಮೇಲಿನ ಸ್ವರಕ್ಕೆ ಸಾಲಾಗಿ ಜೋಡಿಸಿದ್ದರು.

"ನೀನು ನೋಡ್ತಾ ಕೂತಿದ್ದೆಯಾ?" ಎಂದು ಗಂಡನನ್ನು ಕೇಳಿದೆ.

"ನಾನು ಎತ್ತಿ ಎತ್ತಿ ಕೊಟ್ಟೆ. ಅವರು ಎಷ್ಟು ಚೆನ್ನಾಗಿ ಬಾರಿಸಿದ್ರು ಗೊತ್ತಾ? ನನ್ನ ಮೀಟಿಂಗಲ್ಲಿ ಎಲ್ಲರೂ ಮ್ಯೂಟ್ ಮಾಡ್ಕೊಂಡು ಕೇಳಿದ್ರು."

ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನಾದೆ. ಬೇಳೆ ಸಿಕ್ಕಿದ್ದು ಎರಡು ದಿನದ ಮೇಲೆ, ಎರಡನೆಯ ಸಾಲಿನ ಕೊನೆಯಲ್ಲಿ.

ಗುರುವಾರ ಸಂಜೆಗೆ ಎರಡು ಪೆಟ್ಟಿಗೆಯೂ ಮುಗಿದವು. ಶಾಲೆಯ ಕ್ಯಾಸೆಟ್ಟು ಸಿಗಲಿಲ್ಲ. ಆಂಟಿ ಖಾಲಿ ಪೆಟ್ಟಿಗೆಯ ತಳವನ್ನು ಬೆರಳಿನಿಂದ ತಡವುತ್ತಿದ್ದರು. ಆಮೇಲೆ, "ಆರ್ಟ್ಸ್ ಸೆಂಟರಿಗೆ ಫೋನ್ ಮಾಡಿ ಆಗಲ್ಲ ಅನ್ನು ಮಗಳೇ," ಎಂದರು.

ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಆ ಕ್ಯಾಸೆಟ್ಟು ಎಲ್ಲಿರಬಹುದೆಂದು ನನಗೆ ಸೋಮವಾರವೇ ಅನುಮಾನವಿತ್ತು. ಶನಿವಾರ ಚೊಕ್ಕಟ ಮಾಡುವಾಗ ಅನುಮಾನದ ಸಾಮಾನನ್ನೆಲ್ಲ ಪಾರ್ಕ್‌ಮೋರಿನ ಅಭ್ಯಾಸದಂತೆ ಒಂದು ಚೀಲಕ್ಕೆ ತುಂಬಿ, ಕೆಂಪು ಚೀಟಿ ಹಚ್ಚಿ, ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಇಟ್ಟಿದ್ದೆ. ಮುರಿದ ಬಾಚಣಿಗೆ, ಒಂಟಿ ಚಪ್ಪಲಿ, ಕವರಿಲ್ಲದ ಒಂದೆರಡು ಕ್ಯಾಸೆಟ್ಟು. ಅದನ್ನೂ ಹೇಳಿದರೆ ನನ್ನ ಜೊತೆ ಮಾತಾಡುತ್ತಾರೋ ಇಲ್ಲವೋ ಎಂಬ ಹೆದರಿಕೆ. ಪೆಟ್ಟಿಗೆಯಲ್ಲೇ ಸಿಗಲಿ ಅಲ್ಲಾ ಎಂದು ನಾಲ್ಕು ದಿನ ದುಆ ಮಾಡಿದ್ದೆ. ಈಗ ಬೇರೆ ದಾರಿ ಇರಲಿಲ್ಲ. ಹೇಳಿದೆ. ಹೇಳಿ, ಉತ್ತರಕ್ಕೂ ಕಾಯದೆ ಓಡಿ ಹೋಗಿ ಚೀಲ ತಂದೆ.

ಆಂಟಿಯ ಬೆರಳಿಗೆ ಅದು ಒಂದೇ ಕ್ಷಣದಲ್ಲಿ ಸಿಕ್ಕಿತು. ಮೂಲೆಯಲ್ಲಿ ಹಲ್ಲಿನಿಂದ ಕಚ್ಚಿದ ಗುರುತಿತ್ತು, ಅದನ್ನು ನನ್ನ ಸಟ್ಟುಗಕ್ಕೂ ತೆಗೆಯಲಾಗಿರಲಿಲ್ಲ.

ಹಾಕಿದೆವು. ಮೊದಲು ಬರೀ ಸರ ಸರ ಸದ್ದು. ಆಮೇಲೆ ಬಾಲಾಫೋನ್, ಆಮೇಲೆ ಒಬ್ಬ ಹುಡುಗನ ದನಿ. ಆಂಟಿ ನನ್ನ ಕೈ ಹಿಡಿದುಕೊಂಡರು. ಎರಡನೆಯ ಚರಣಕ್ಕೆ ಹುಡುಗಿಯ ದನಿ, ತೆಳ್ಳಗೆ, ಚೂಪಾಗಿ. ಮೂರನೆಯ ಚರಣಕ್ಕೆ ಇಬ್ಬರೂ ಒಟ್ಟಿಗೆ ಶುರು ಮಾಡಿದರು. ಒಂದು ಸಾಲು ಕೂಡ ಮುಗಿಯಲಿಲ್ಲ. ದನಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನಿಂತವು. ಹುಡುಗಿ ಏನೋ ಅಂದಳು, ಹುಡುಗ ಏನೋ ಅಂದ, ಹುಡುಗಿ ಜೋರಾಗಿ ಅಂದಳು. ನಂತರ ಒಬ್ಬ ಗಂಡಸು ಇಬ್ಬರನ್ನೂ ಸೇರಿಸಿ ಗದರಿಸಿದ ಸದ್ದು. ಟಕ್ ಎಂದು ಕ್ಯಾಸೆಟ್ಟು ನಿಂತಿತು.

ಆಂಟಿ ನಗಲು ಶುರು ಮಾಡಿದರು. ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ನನಗೂ ಅರ್ಥವಾಯಿತು: ಸರಿಯಾದ ಚರಣ ಅಂತ ಯಾವತ್ತೂ ಇರಲೇ ಇಲ್ಲ. ಹದಿನೆಂಟನೆಯ ವಯಸ್ಸಿನಲ್ಲೂ ಇದೇ ಜಗಳ.

"ಈಗ ಶನಿವಾರ ಏನು ಮಾಡ್ತೀರಾ ಆಂಟಿ?"

"ಯಾರಾದ್ರೂ ಒಬ್ರು ಬಿಟ್ಟುಕೊಡಬೇಕು. ಅವರಿಗೆ ಭುಜ ನೋವು, ಮೂರು ವರ್ಷ ಆದ್ಮೇಲೆ ಸ್ಟೇಜು ಸಿಕ್ಕಿದೆ. ನೀವೇ ಸರಿ ಅಂತ ಹೇಳ್ತೀನಿ. ಕ್ಯಾಸೆಟ್ಟಲ್ಲಿ ದೋಣೀನೇ ಇತ್ತು ಅಂತೀನಿ. ನೀನು ಬಾಯಿ ಬಿಡಬಾರದು."

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಅವರಿಗೂ ಗೊತ್ತು. ಅಮ್ಮಿಯ ಮೇಲೆ ಆಣೆ ಹಾಕಿಸಿಕೊಂಡರು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಗೋಡೆಯಾಚೆ ಸದ್ದಿಲ್ಲ. ಏಳೂವರೆಗೂ ಇಲ್ಲ. ನಾನು ಕೆಲಸಕ್ಕೆ ತಡವಾಗಿ ಎದ್ದೆ. ಕಾರಿನ ಬಳಿ ಬಂದರೆ ಗೇಟಿನಲ್ಲಿ ಅಂಕಲ್ ನಿಂತಿದ್ದಾರೆ, ಕೈಯಲ್ಲಿ ಬಿಳಿ ಕೋಲು, ಸ್ವೆಟರು ತಿರುಗುಮುರುಗಾಗಿದೆ. ನಾನು ಸಲಾಂ ಹೇಳುವುದಕ್ಕೂ ಬಿಡಲಿಲ್ಲ.

"ಮಗಳೇ, ಮಂಗಳವಾರ ಅವಳನ್ನ ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿದ್ದೆಯಲ್ಲ. ಏನಂದ್ರು?"

"ಮಂಡಿ ನೋವು ಅಂಕಲ್. ಕ್ರೀಮ್ ಕೊಟ್ರು."

"ನಿಜ ಹೇಳು. ದೊಡ್ಡ ಆಸ್ಪತ್ರೆಗೆ ಬರೆದುಕೊಟ್ರಾ? ಡಬ್ಲಿನ್‌ಗೆ ಬರೆದುಕೊಟ್ರಾ?"

"ಇಲ್ಲ ಅಂಕಲ್, ಕ್ರೀಮೇ."

"ನೀವೇ ಸರಿ ಅಂದಳು ನನಗೆ," ಎಂದರು. "ನಲವತ್ತು ವರ್ಷದಲ್ಲಿ ಒಂದೇ ಒಂದು ಸಲ ಅಂದಿರಲಿಲ್ಲ. ಇವತ್ತು ಬೆಳಿಗ್ಗೆ ಬೈಯಲೂ ಇಲ್ಲ. ನಿನ್ನ ತಾತ ಕಾಳು ಕಳ್ಳ ಅನ್ನು ಅಂತ ನಾನೇ ಕೇಳಿದೆ. ಕಾಫಿ ಕುಡೀತೀರಾ ಅಂದಳು. ಅವಳಿಗೆ ಏನೋ ಆಗಿದೆ. ನನ್ನ ಹತ್ರ ಮುಚ್ಚಿಡ್ತಿದಾಳೆ."

ನನ್ನ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಯಿತು. ಹೇಳಿದರೆ ಅಮ್ಮಿಯ ಮೇಲಿನ ಆಣೆ. ಹೇಳದಿದ್ದರೆ ಈ ಮನುಷ್ಯ ಹೆದರಿಕೆಯಲ್ಲೇ ಸೊರಗುತ್ತಾರೆ. "ಆಂಟಿ ಗ್ರ್ಯಾಂಡ್ ಆಗಿದಾರೆ ಅಂಕಲ್, ಬರೀ ಗ್ರ್ಯಾಂಡ್," ಎಂದು, ಆರಾಮ ಎನ್ನುವುದಕ್ಕೆ ಇಲ್ಲಿನ ಜನ ಆಡುವ ಮಾತನ್ನೇ ಹೇಳಿ ಕಾರು ಹತ್ತಿದೆ. ಪಾರ್ಕ್‌ಮೋರಿನ ಟ್ರಾಫಿಕ್ಕಿನಲ್ಲಿ ನಿಂತಾಗ ಅವರ ತಿರುಗುಮುರುಗು ಸ್ವೆಟರು ನೆನಪಾಗಿ ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತು. ಆ ಸಂಜೆ ಗೋಡೆಗೆ ಕಿವಿಯಿಟ್ಟು ಕೇಳಿದೆ. ಪ್ಲೀಸ್, ಥ್ಯಾಂಕ್ಯೂ, ಸಾರಿ. ಆ ಮನೆಯಲ್ಲಿ ಅಂಥ ಮಾತು ನಾನು ಯಾವತ್ತೂ ಕೇಳಿರಲಿಲ್ಲ.

ಶನಿವಾರ ನಾಲ್ಕು ಗಂಟೆಗೆ ಕಾರ್ಯಕ್ರಮ. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತ ಇಬ್ಬರೂ ಒಂದು ಬೈಗುಳವನ್ನೂ ಆಡಲಿಲ್ಲ. ಅಂಕಲ್ ಮಾತ್ರ ಮೂರು ಸಲ, ಚಳಿ ಆಗ್ತಿದೆಯಾ ಎಂದು ಆಂಟಿಯನ್ನು ಕೇಳಿದರು. ಹಾಲ್ ತುಂಬ ಜನರಿದ್ದರು. ನಾನು ಮತ್ತು ನನ್ನ ಗಂಡ ಮೂರನೆಯ ಸಾಲಿನಲ್ಲಿ ಕುಳಿತೆವು. ಅಂಕಲ್ ಭುಜದ ಮೇಲೆ ಕೈಯಿಟ್ಟುಕೊಂಡು ಆಂಟಿ ಸ್ಟೇಜಿಗೆ ಬಂದರು, ಹಳದಿ ಉಡುಪು, ತಲೆಗೆ ದೊಡ್ಡ ಹಳದಿ ರುಮಾಲು.

ಮೊದಲ ಚರಣ ಅಂಕಲ್ ಹಾಡಿದರು. ಹುಡುಗ ಕೂಗಿದ. ಎರಡನೆಯದು ಆಂಟಿ. ಹುಡುಗಿ ಕೂಗಿದಳು. ಕ್ಯಾಸೆಟ್ಟಿನ ತೆಳ್ಳನೆಯ ದನಿ ಈಗ ದಪ್ಪವಾಗಿದೆ, ಆದರೆ ಅದೇ ಚೂಪು. ನಾನು ಗಂಡನ ಕೈಯನ್ನು ಉಗುರು ನಾಟುವಂತೆ ಹಿಡಿದುಕೊಂಡೆ. ಮೂರನೆಯ ಚರಣಕ್ಕೆ ಇಬ್ಬರೂ ಬಾಯಿ ತೆರೆದರು.

ನನಗೆ ಅವರ ಭಾಷೆ ಬರುವುದಿಲ್ಲ. ಆದರೆ ಒಂದು ವಾರ ಆಂಟಿಯ ಜೊತೆ ಕುಳಿತು ಅದನ್ನೇ ಕೇಳಿ ಕೇಳಿ ದೋಣಿಗೆ ಏನನ್ನುತ್ತಾರೆ, ನೀರಿಗಿಳಿಯುವುದಕ್ಕೆ ಏನನ್ನುತ್ತಾರೆ 
ಎಂದು ಗೊತ್ತಾಗಿತ್ತು. ಆಂಟಿ ದೋಣಿ ಎಂದು ಹಾಡಿದರು. ಅಂಕಲ್ ನೀರಿಗಿಳಿದಳು ಎಂದು ಹಾಡಿದರು. ಕಾಯಿಲೆಯ ಹೆಂಡತಿಗೆ ಅವಳ ಚರಣವನ್ನೇ ಕೊಟ್ಟುಬಿಡೋಣ ಎಂದು ಅವರೂ ತೀರ್ಮಾನಿಸಿಕೊಂಡು ಬಂದಿದ್ದರು. ದನಿಗಳು ಡಿಕ್ಕಿ ಹೊಡೆದು ನಿಂತವು. ಅಂಕಲ್ ಕೈಯಲ್ಲಿನ ಕೋಲುಗಳು ಗಾಳಿಯಲ್ಲೇ ಉಳಿದವು. ಜನರ ಮಧ್ಯೆ ಒಬ್ಬರು ಕೆಮ್ಮಿದರು.

ಆಂಟಿ ನಿಧಾನವಾಗಿ ಗಂಡನ ಕಡೆ ತಿರುಗಿದರು. ಮತ್ತೆ ಶುರುವಾಯಿತು. ಮೈಕಿನ ಮುಂದೆಯೇ, ಏಳು ಗಂಟೆಯ ದನಿಯಲ್ಲಿ, ಉಸಿರು ತೆಗೆದುಕೊಳ್ಳದೆ ಬೈದರು. ಕಾಳು ಕಳ್ಳನ ವಂಶದವನೇ, ಒಂದು ಸಲ ಬಿಟ್ಟುಕೊಟ್ಟರೆ ಅದನ್ನೂ ಕೆಡಿಸುತ್ತೀಯಲ್ಲ, ನಾನು ನಿನ್ನನ್ನು ದೋಣಿಯಲ್ಲಿ ಈ ದಡಕ್ಕೆ ತಂದರೆ ನೀನು ನನ್ನನ್ನು ಆ ದಡಕ್ಕೆ ಕಳಿಸಿದೆಯಾ, ಈಗ ಇಬ್ಬರೂ ಮತ್ತೆ ಬೇರೆ ಬೇರೆ ದಡ, ಕತ್ತೆ ಕೂಡ ಹೀಗೆ ಮಾಡುವುದಿಲ್ಲ. ಇದೆಲ್ಲ ಅವರೇ ಆಮೇಲೆ ನನಗೆ ಬಿಡಿಸಿ ಹೇಳಿದ್ದು. ಅಲ್ಲಿ ಕುಳಿತಾಗ ನನಗೆ ಕಂಡದ್ದು ಅಂಕಲ್ ಮುಖ ಒಂದೇ. ಎರಡು ದಿನದಿಂದ ಬಿಗಿದುಕೊಂಡಿದ್ದ ಮುಖ ಒಂದೊಂದು ಬೈಗುಳಕ್ಕೂ ಸಡಿಲವಾಗುತ್ತಾ ಹೋಯಿತು. ಕೋಲುಗಳನ್ನು ತೊಡೆಯ ಮೇಲಿಟ್ಟು, ತಲೆ ಎತ್ತಿ, ಬಾಯಿ ತುಂಬ ನಗುತ್ತಾ ಕೇಳುತ್ತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಆಂಟಿ ಉಸಿರು ತೆಗೆದುಕೊಳ್ಳಲು ನಿಂತಾಗ ಅಂಕಲ್ ಮೈಕಿನತ್ತ ಬಾಗಿ, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದರು: "ನನ್ನ ಹೆಂಡತಿ ಚೆನ್ನಾಗಿದಾಳೆ. ಅವಳಿಗೆ ಏನೂ ಆಗಿಲ್ಲ."

ಯಾಕೆಂದು ಗೊತ್ತಿಲ್ಲದಿದ್ದರೂ ಜನ ಚಪ್ಪಾಳೆ ತಟ್ಟಿದರು. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ, ಪಕ್ಕದ ಐರಿಶ್ ಅಜ್ಜಿಯೊಬ್ಬರು ಟಿಶ್ಯೂ ಕೊಟ್ಟರು. ಸ್ಟೇಜಿನ ಮೇಲೆ ಆಂಟಿ ಅಂಕಲ್ ಕಡೆ ಒಂದು ಹೆಜ್ಜೆ ಇಟ್ಟರು. ಗಂಡ ಯಾವುದಕ್ಕೆ ಹೆದರಿಕೊಂಡಿದ್ದರು ಎಂದು ಅವರಿಗೆ ಹೊಳೆದದ್ದು ಆಗಲೇ ಇರಬೇಕು. ಕೈ ಚಾಚಿ ಅಂಕಲ್ ತಲೆಯನ್ನು ಹುಡುಕಿ, ಅದರ ಮೇಲೊಂದು ಮೊಟಕಿದರು. ಅಂಕಲ್ ಕೋಲುಗಳನ್ನು ಎತ್ತಿಕೊಂಡರು. ಮೂರನೆಯ ಚರಣ ಮತ್ತೆ ಶುರುವಾಯಿತು, ಈ ಸಲ ಇಬ್ಬರೂ ತಂತಮ್ಮದನ್ನೇ ಹಾಡಿದರು, ಒಟ್ಟಿಗೆ, ಒಬ್ಬರಿಗಿಂತ ಒಬ್ಬರು ಜೋರಾಗಿ.